ಅರ್ಥವಾಗಲಿಲ್ಲ ಎಂದು ಕೈಯೆತ್ತುತ್ತಿದ್ದ ಮಾಮಾ

ಅವರ ತಲೆವಸ್ತ್ರದ ಗಂಟು ನಗರಸಭೆಯ ಬಾಗಿಲಿಗಿಂತ ನಾಲ್ಕು ಬೆರಳು ಎತ್ತರವಿತ್ತು. ಹಳದಿ ಬಣ್ಣದ ಮೇಲೆ ನೀಲಿ ಹಕ್ಕಿಗಳಿದ್ದ ದಪ್ಪ ಹತ್ತಿಬಟ್ಟೆ. ಅದು ಚೌಕಟ್ಟಿಗೆ ತಾಗಿ ಬಿಚ್ಚಿಹೋಗದಿರಲೆಂದು ಅವರು ಸಭೆಯ ಕೋಣೆಯೊಳಗೆ ಬರುವಾಗ ಸೊಂಟದವರೆಗೆ ಬಗ್ಗುತ್ತಿದ್ದರು. ಒಳಗೆ ಕೂತ ಅಧಿಕಾರಿಗಳು ಅದನ್ನು ನಮಸ್ಕಾರವೆಂದೇ ತಿಳಿದು ದಡಬಡಿಸಿ ಎದ್ದು, ಅಷ್ಟೇ ಆಳಕ್ಕೆ ಬಗ್ಗುತ್ತಿದ್ದರು. ಅವರು ನೆಟ್ಟಗಾಗಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸುತ್ತಿದ್ದರು. "ನೋಡು, ನಾನು ಬಗ್ಗಿದ್ದು ಬಾಗಿಲಿಗೆ. ಮರ್ಯಾದೆ ಸಿಕ್ಕಿದ್ದು ನನಗೆ."

ಆ ಊರು ಜಪಾನಿನ ಸೆಂಡಾಯ್‌ನಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಬಂದರು. ಹೆಸರು ಬೇಡ. ಇಲ್ಲಿ ಬರುವ ಒಂದೆರಡು ಮಾತಿನಿಂದ ಈಗ ನಿವೃತ್ತರಾಗಿರುವ ಯಾರಿಗೂ ಮುಜುಗರವಾಗುವುದು ನನಗಿಷ್ಟವಿಲ್ಲ. ದೊಡ್ಡ ಭೂಕಂಪ ಮತ್ತು ಸುನಾಮಿ ಬಂದುಹೋದ ಮರುವರ್ಷ, ನನ್ನ ಗಂಡನಿಗೆ ಸೆಂಡಾಯ್‌ನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ, ಒಂದು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಾವು ಬೆಂಗಳೂರಿನ ಹನುಮಂತನಗರದಿಂದ ಆ ಬಂದರಿಗೆ ಹೋಗಿ ನೆಲೆಸಿದೆವು. ಬಂದರಿನ ಬದಿಯ ಬೀದಿಗಳು ಆಗಿನ್ನೂ ಖಾಲಿ. ಮನೆಗಳಿದ್ದ ಕಡೆ ತಳಪಾಯ ಮಾತ್ರ ಉಳಿದು, ಅದರ ನಡುವೆ ಹುಲ್ಲು ಬೆಳೆದಿತ್ತು.

ಆ ಸುನಾಮಿಯಲ್ಲಿ ಎಚ್ಚರಿಕೆ ಅರ್ಥವಾಗದೆ ಕಷ್ಟಕ್ಕೆ ಸಿಕ್ಕಿದ ಪರದೇಶಿಗಳಿದ್ದರೆಂದು ನಗರಸಭೆಗೆ ತಡವಾಗಿ ತಿಳಿದಿತ್ತು. ಅದಕ್ಕೇ ವಿದೇಶಿ ನಿವಾಸಿಗಳ ಸಲಹಾ ಸಭೆಯೊಂದನ್ನು ಹೊಸದಾಗಿ ಕಟ್ಟಿದ್ದರು. ಭಾಷೆಗೊಬ್ಬ ಪ್ರತಿನಿಧಿ. ಚೀನೀ ಭಾಷೆಗೊಬ್ಬರು, ಕೊರಿಯನ್‌ಗೊಬ್ಬರು, ಫಿಲಿಪ್ಪೀನ್ಸಿನ ಟಗಾಲೊಗ್‌ಗೊಬ್ಬರು, ಫ್ರೆಂಚಿಗೆ ಅವರು. ಮೇಜಿನ ಮೇಲಿಡಲು ನನಗೆ ಕೊಟ್ಟ ಹಲಗೆಯಲ್ಲಿ "ಇತರೆ" ಎಂದಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದಾಗ, "ಒಳ್ಳೇದಾಯ್ತು ಬಿಡು, ಪ್ರಪಂಚದಲ್ಲಿ ಮಿಕ್ಕಿರೋರಿಗೆಲ್ಲ ನೀನೇ ಲೀಡರ್ರು" ಎಂದು ನಕ್ಕರು.

ಫ್ರೆಂಚ್ ಪ್ರತಿನಿಧಿ ಎಂದಾಗ ಅಧಿಕಾರಿಗಳ ಮನಸ್ಸಿನಲ್ಲಿ ಬೇರೆಯೇ ಚಿತ್ರವಿತ್ತು. ಮೊದಲ ದಿನ ಅವರ ಮೇಜಿನ ಮುಂದೆ ಐಫೆಲ್ ಗೋಪುರದ ಒಂದು ಪುಟ್ಟ ಗೊಂಬೆ ಇಟ್ಟಿದ್ದರು. ಬಂದವರು ಕಾಂಗೋ ದೇಶದ, ಐವತ್ತು ದಾಟಿದ, ಅರೆದ ಮೀನಿನಿಂದ ಕಾಮಾಬೊಕೊ ಎಂಬ ತಿನಿಸು ಮಾಡುವ ಕಾರ್ಖಾನೆಯಲ್ಲಿ ಬೆಳಗಿನಿಂದ ನಿಂತು ಕೆಲಸ ಮಾಡುವ ಹೆಂಗಸು. ಗೊಂಬೆಯನ್ನು ಎತ್ತಿ ಸುತ್ತ ತಿರುಗಿಸಿ ನೋಡಿ, "ಇದು ಬಹಳ ಚೆನ್ನಾಗಿದೆ. ನಾನೂ ನೋಡಿಲ್ಲ, ಒಂದು ದಿನ ಹೋಗ್ಬೇಕು" ಎಂದರು. ಕೋಣೆಯಲ್ಲಿ ಯಾರಿಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವರಿಗೆ ಮಾತ್ರ ಬೇಜಾರಿರಲಿಲ್ಲ, ಗೊಂಬೆಯನ್ನು ನನ್ನ ಮಗಳಿಗೆ ಆಡಲು ಕೊಟ್ಟರು.

ಆ ಸುತ್ತಮುತ್ತ ಫ್ರೆಂಚ್ ಆಡುವವರದು ಬೆರಳೆಣಿಕೆಯಷ್ಟು ಮನೆಗಳು. ಕಾಂಗೋ, ಗಿನಿ, ಕ್ಯಾಮರೂನ್, ಸೆನೆಗಲ್, ಹೈಟಿ. ಕೆಲವರು ವಿದ್ಯಾರ್ಥಿಗಳ ಸಂಸಾರ, ಕೆಲವರು ಮೀನಿನ ಕಾರ್ಖಾನೆಯವರು, ಕೆಲವರು ಹಳೆ ಕಾರು ಬಿಚ್ಚಿ ಆಫ್ರಿಕಕ್ಕೆ ಹಡಗಿನಲ್ಲಿ ಕಳಿಸುವ ಯಾರ್ಡಿನವರು. ಅವರೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು, ಅದರ ಹಿರಿಯರಾದ ಇವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾಮಾ ಎಂದು. ಅವರ ಕಡೆ ಹಿರಿಯ ಹೆಂಗಸರನ್ನು ಹಾಗೆ, ಅಮ್ಮ ಎಂಬ ಅರ್ಥದಲ್ಲಿ, ಕರೆಯುವುದು ವಾಡಿಕೆಯಂತೆ. ನಾನೂ ಹಾಗೇ ಕರೆದೆ. ನಮ್ಮಿಬ್ಬರಿಗೂ ಸಮವಾಗಿ ಬರುತ್ತಿದ್ದದ್ದು ಮುರುಕು ಜಪಾನಿ, ಅದರಲ್ಲೇ ನಮ್ಮ ಮಾತೆಲ್ಲ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಿಂದ ನನ್ನ ಅತ್ತೆ ನಮ್ಮ ಜೊತೆ ಇರಲು ಬಂದಾಗ ಈ ಹೆಸರಿನಿಂದ ದೊಡ್ಡ ಗೊಂದಲವಾಯಿತು. "ಸಂಜೆ ಮಾಮಾ ಬರ್ತಾರೆ ಅತ್ತೆ" ಎಂದಿದ್ದೆ. ಅತ್ತೆ ಯಾರೋ ಗಂಡಸು ಬರುತ್ತಾರೆಂದು ರೇಷ್ಮೆ ಅಂಚಿನ ಸೀರೆಯುಟ್ಟು ಕಾದರು. ಬಾಗಿಲಲ್ಲಿ ಬಗ್ಗಿ ಒಳಬಂದ ಆಕೃತಿಯನ್ನು ನೋಡಿ ನನ್ನ ಕಿವಿಯಲ್ಲಿ, "ಇವ್ರು ಯಾವ ಸೀಮೆ ಮಾಮನೇ?" ಎಂದರು. ನಾನು ಅರ್ಥ ಹೇಳಿದಾಗ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ತಂದಿದ್ದ ಮಿಕಾತೆ ಎಂಬ ಕರಿದ ಉಂಡೆಯನ್ನು ಅತ್ತೆ ಒಂದು ಕಚ್ಚಿ, "ಮಂಗಳೂರು ಬೋಂಡ. ಸ್ವಲ್ಪ ಸಿಹಿ ಜಾಸ್ತಿಯಾಗಿದೆ" ಎಂದು ತೀರ್ಪು ಕೊಟ್ಟರು. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಒಂದೂ ತಿಳಿಯದೆ ಎರಡು ಗಂಟೆ ಮಾತಾಡಿದರು.

ಸಭೆಯಲ್ಲಿ ಮಾಮಾ ಅವರಿಗೆ ಒಂದು ಅಭ್ಯಾಸವಿತ್ತು. ಅಧಿಕಾರಿಗಳ ಜಪಾನಿ ಗೌರವದ ಪದಗಳಿಂದ ತುಂಬಿ ತುಳುಕುತ್ತಿತ್ತು. ಒಂದು ವಾಕ್ಯ ಹೊರಟರೆ ಕ್ರಿಯಾಪದ ಬರುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಮಾಮಾ ಬಲಗೈಯನ್ನು ಮೊಣಕೈ ನೆಟ್ಟಗೆ ಮಾಡಿ ಎತ್ತಿ, "ಸುಮಿಮಾಸೆನ್. ವಕರಿಮಾಸೆನ್" ಎನ್ನುತ್ತಿದ್ದರು. ಕ್ಷಮಿಸಿ, ಅರ್ಥವಾಗಲಿಲ್ಲ. ವಿಭಾಗದ ಮುಖ್ಯಸ್ಥರು, ಅಲ್ಲಿಯವರ ಮಾತಿನಲ್ಲಿ ಕಾಚೋ, ಇನ್ನೊಮ್ಮೆ ಹೇಳುತ್ತಿದ್ದರು. ಮತ್ತೆ ಕೈ ಮೇಲೆ. ಮೂರನೇ ಸಲ ಹೇಳುವಾಗ ಕಾಚೋ ಅವರ ಕಿವಿ ಕೆಂಪಾಗುತ್ತಿತ್ತು, ವಾಕ್ಯ ಅರ್ಧಕ್ಕಿಳಿದಿರುತ್ತಿತ್ತು. ಆಗ ಮಾಮಾ, "ಅರಿಗಾತೋ. ಈಗ ಆಯ್ತು" ಎಂದು ಧನ್ಯವಾದ ಹೇಳಿ ಬರೆದುಕೊಳ್ಳುತ್ತಿದ್ದರು.

ನಾನು ಅದಕ್ಕೆ ಪೂರ್ತಿ ಉಲ್ಟಾ. ಓದಿದವಳು ಎಂಬ ಜಂಬ. ಅರ್ಧ ಅರ್ಥವಾಗದಿದ್ದರೂ "ಹಾಯ್, ಹಾಯ್", ಹೌದು ಹೌದು, ಎಂದು ಹೂಂಗುಟ್ಟುತ್ತ ನಮ್ಮ ಕಡೆಯವರ ಹಾಗೆ ತಲೆ ಆಡಿಸುತ್ತ ಕೂರುತ್ತಿದ್ದೆ. ಒಂದು ದಿನ ಮೆಟ್ಟಿಲಿಳಿಯುವಾಗ ಮಾಮಾ ನನ್ನನ್ನು ನಿಲ್ಲಿಸಿದರು.

"ಇವತ್ತು ಕಾಚೋ ಏನು ಹೇಳಿದ್ರು?"

ನಾನು ಚೀಲದಿಂದ ಸಭೆಯ ಕಾಗದ ತೆಗೆದು ಹುಡುಕತೊಡಗಿದೆ.

"ಹೌದೂ ಅಲ್ಲ, ಇಲ್ಲಾನೂ ಅಲ್ಲ, ಹಾಗೆ ತಲೆ ಆಡಿಸ್ತೀಯ. ಅವರು ಹೌದು ಅಂತ ಬರ್ಕೋತಾರೆ. ನಿನಗೆ ನಾಚಿಕೆ ಆಗತ್ತೆ ಅಂತ ನೀನು ಸುಮ್ನಿರ್ತೀಯ. ನಿನ್ನ ಹಲಗೆ ಮೇಲೆ ಇತರೆ ಅಂತ ಬರ್ದಿದೆ. ಆ ಇತರರು ಏನು ಮಾಡ್ಬೇಕು?"

ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಅವರ ಮೇಲೆ ಸಿಟ್ಟೂ ಬಂದಿತ್ತು. ಮೀನು ಕಾರ್ಖಾನೆಯ ಹೆಂಗಸು ನನಗೆ ಪಾಠ ಹೇಳುವುದೇ ಎಂದು ನನ್ನ ತಲೆಯಲ್ಲಿ ಬಂದದ್ದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

ಎರಡನೆಯ ವರ್ಷ ಸಭೆಯ ಮುಂದೆ ಮುಖ್ಯವಾದ ವಿಷಯ ಬಂತು. ಜಪಾನಿನ ಊರುಗಳಲ್ಲಿ ಬೀದಿಬೀದಿಗೆ ಕಂಬದ ಮೇಲೆ ಮೈಕುಗಳಿರುತ್ತವೆ. ಸಂಜೆ ಐದಕ್ಕೆ ಮಕ್ಕಳು ಮನೆಗೆ ಹೋಗಲೆಂದು ಒಂದು ರಾಗ ನುಡಿಸುವುದೂ ಅವೇ, ಸುನಾಮಿ ಬಂದರೆ ಎಚ್ಚರಿಸುವುದೂ ಅವೇ. ಆ ಮೈಕುಗಳನ್ನೆಲ್ಲ ಹೊಸದಾಗಿ ಹಾಕುತ್ತಿದ್ದರು. ಅದರಲ್ಲಿ ಏನು ಹೇಳಬೇಕೆಂದು ಸಭೆ ಸಲಹೆ ಕೊಡಬೇಕಿತ್ತು. ಮಾಮಾ ಅವರ ಕೂಟದವರು ಒಕ್ಕೊರಲಿನಿಂದ ಹೇಳಿ ಕಳಿಸಿದ್ದು ಒಂದೇ: ಜಪಾನಿ, ಇಂಗ್ಲಿಷ್ ಆದಮೇಲೆ ಫ್ರೆಂಚೂ ಬರಬೇಕು. ತಮ್ಮ ಭಾಷೆ ಊರಿನ ಕಂಬದಿಂದ ಕೇಳಬೇಕು ಎಂದು ಯಾರಿಗೆ ಆಸೆಯಿರುವುದಿಲ್ಲ? ಮಾಮಾ ಆ ಮನವಿಯನ್ನು ಎರಡು ಪುಟ ಬರೆದು ತಂದಿದ್ದರು.

ಕಾಚೋ ಕೇಳಿಸಿಕೊಂಡು, ತುಂಬ ವಿನಯದಿಂದ, ಆಗದು ಎಂದರು. ಫ್ರೆಂಚ್ ಬಂದರೆ ಚೀನೀ ಬೇಕು, ಕೊರಿಯನ್ ಬೇಕು, ಟಗಾಲೊಗ್ ಬೇಕು. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನೀರು ಬಂದಿರುತ್ತದೆ. ಆಮೇಲೆ ಅವರು ಹೊಸ ಪ್ರಕಟಣೆಯ ಕರಡನ್ನು ಓದಿದರು. ಉದ್ದನೆಯ, ಸಭ್ಯವಾದ ಜಪಾನಿ. ಅದರ ನಡುವೆ ಮೂರು ಸಲ "ಹಿನಾನ್" ಎಂಬ ಪದ ಬಂತು.

ಮಾಮಾ ಕೈಯೆತ್ತಿದರು. ಎಂದಿನ ಮಾತು ಬರಲಿಲ್ಲ. ಕೈ ಇಳಿಸಿ, ತಾವು ಬರೆದು ತಂದ ಎರಡು ಪುಟಗಳನ್ನು ಮಡಿಸಿ ಚೀಲದೊಳಗಿಟ್ಟರು. ಆಮೇಲೆ ಹೇಳತೊಡಗಿದರು.

"ಆವತ್ತು ನನಗೆ ಕಾರ್ಖಾನೆ ರಜ. ನಾನು ಮೇಲಿನ ಮನೆಯಲ್ಲಿದ್ದೆ. ಕೆಳಗಿನ ಮನೆಯಲ್ಲಿ ಗಿನಿ ದೇಶದ ನನ್ನ ಗೆಳತಿ. ಭೂಮಿ ಅಲುಗಾಡಿದ್ದು ನಿಂತಮೇಲೆ ಇಬ್ರೂ ಮೆಟ್ಟಿಲ ಹತ್ರ ನಿಂತಿದ್ವಿ. ಮೈಕು ಕೂಗ್ತು. ಹಿನಾನ್ ಶಿತೆ ಕುದಸಾಯ್, ಹಿನಾನ್ ಶಿತೆ ಕುದಸಾಯ್. ಅವಳು ಬಂದು ಒಂದೇ ವರ್ಷ. ಏನಂತೆ ಮಾಮಾ, ಅಂತ ಕೇಳಿದ್ಲು. ಎಲ್ಲರೂ ನನ್ನನ್ನೇ ಕೇಳೋದು. ನಾನು ಕಿಸೆಯಿಂದ ಡಿಕ್ಷನರಿ ತೆಗೆದೆ. ಹಿನಾನ್ ಅಂದ್ರೆ ಬೈಯೋದು, ದೂಷಿಸೋದು ಅಂತಿತ್ತು. ದಯವಿಟ್ಟು ದೂಷಿಸಿ! ನಾನಂದೆ, ಏನಿಲ್ಲ, ಯಾರನ್ನೋ ಬೈತಿದಾರೆ, ನಮಗಲ್ಲ. ಅವಳು ನಕ್ಕಳು. ಗಾಜು ಒಡೆದುಹೋಗಿದೆ, ಗುಡಿಸ್ತೀನಿ ಅಂತ ಒಳಗೆ ಹೋದ್ಲು."

ಕಾಚೋ ಕೈಯಲ್ಲಿದ್ದ ಕರಡನ್ನು ಮೇಜಿನ ಮೇಲಿಟ್ಟರು.

"ಪಕ್ಕದ ಮನೆಯ ಮುದುಕಪ್ಪ ನನ್ನ ಬಟ್ಟೆ ಹಿಡಿದು ಎಳ್ಕೊಂಡು ಹೋದ್ರು. ಬಾ ಬಾ ಅಂತಿದ್ರು. ಅವಳು ಹಿಂದೆ ಬರ್ತಾಳೆ ಅಂದ್ಕೊಂಡೆ. ಬರ್ಲೇ ಇಲ್ಲ. ಆಮೇಲೆ ನನಗೆ ಗೊತ್ತಾಯ್ತು, ಹಿನಾನ್‌ಗೆ ಎರಡು ಅರ್ಥ. ಒಂದು, ಅಪಾಯ ತಪ್ಪಿಸ್ಕೊಂಡು ಹೋಗು. ಇನ್ನೊಂದು, ದೂಷಿಸು. ನೀವು ಬರೆಯುವಾಗ ಬೇರೆ ಬೇರೆ. ಕಿವಿಗೆ ಎರಡೂ ಒಂದೇ. ಆವತ್ತಿಂದ ನಾನು ನನಗೇ ಆ ಎರಡನೇ ಹಿನಾನ್ ಮಾಡ್ಕೋತಾ ಇದೀನಿ."

ಟಗಾಲೊಗ್ ಪ್ರತಿನಿಧಿ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಕಾಚೋ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದರು. ಕೊನೆಗೆ ಕೇಳಿದರು, "ಹಾಗಾದರೆ ಫ್ರೆಂಚ್‌ನಲ್ಲಿ ಏನು ಹೇಳಬೇಕು?"

"ಫ್ರೆಂಚ್ ಬೇಡ" ಎಂದರು ಮಾಮಾ. "ನಿಮ್ಮ ಮೊಮ್ಮಗು ನೀರಿನ ಹತ್ರ ನಿಂತಿದೆ. ಅಲೆ ಬರ್ತಾ ಇದೆ. ನೀವು ಏನು ಕೂಗ್ತೀರಿ?"

"ನಿಗೇತೆ" ಎಂದರು ಕಾಚೋ. ಓಡು.

"ಅದನ್ನೇ ಮೈಕಿನಲ್ಲಿ ಹೇಳಿ."

ಕಾಚೋ ಕಸಿವಿಸಿಪಟ್ಟರು. ಊರಿನ ಹಿರಿಯರಿಗೆ, ತೆರಿಗೆ ಕಟ್ಟುವ ನಾಗರಿಕರಿಗೆ ನಗರಸಭೆ ಏಕವಚನದಲ್ಲಿ ಓಡು ಎನ್ನುವುದು ಹೇಗೆ? ಅಸಭ್ಯವಾಗುತ್ತದೆ. ಮಾಮಾ ಸ್ವಲ್ಪವೂ ದನಿಯೇರಿಸದೆ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಸತ್ತೋರಿಗೆ ಎಷ್ಟು ಬೇಕಾದ್ರೂ ಮರ್ಯಾದೆ ಕೊಡಿ. ಬದುಕಿರೋರಿಗೆ ಓಡು ಅನ್ನಿ."

ಮತ್ತೂ ಮೂರು ಸಭೆ ಬೇಕಾಯಿತು. ಕಡೆಗೆ ಉಳಿದದ್ದು ಇಷ್ಟು: "ಸುನಾಮಿ. ನಿಗೇತೆ. ತಕಾಯ್ ತೊಕೊರೊ. ನಿಗೇತೆ." ಸುನಾಮಿ. ಓಡು. ಎತ್ತರದ ಜಾಗ. ಓಡು. ನಡುನಡುವೆ ಉಸಿರು ಬಿಡುವಷ್ಟು ಅಂತರ. ಒಂದೇ ಒಂದು ಗೌರವವಾಚಕವಿಲ್ಲದ ಆ ಹಾಳೆಗೆ ಕಾಚೋ ತಮ್ಮ ಮೊಹರು ಒತ್ತಿದ ದಿನ ಮಾಮಾ ಬಾಗಿಲಿಲ್ಲದ ಕಡೆಯೂ ಬಗ್ಗಿದರು.

ಆದರೆ ಅವರ ಕೂಟದವರೇ ಕೆಂಡವಾಗಿದ್ದರು. ಕೂಟದ ಸಭೆ ಸಮುದಾಯ ಭವನದಲ್ಲಿ ನಡೆಯಿತು. ನಾನು ಅತ್ತೆಯ ಜೊತೆ ಹಿಂದಿನ ಅಡುಗೆಕೋಣೆಯಲ್ಲಿ ಮಿಕಾತೆ ಕರಿಯಲು ಹೋಗಿದ್ದೆ. ಮಾತೆಲ್ಲ ಫ್ರೆಂಚ್, ನನಗೆ ಕೇಳಿಸಿದ್ದು ದನಿಗಳು ಮಾತ್ರ. ಅತ್ತೆ ಜಾಲರಿ ಕೈಯಲ್ಲಿ ಹಿಡಿದು, "ಇದು ಜಗಳಾನೇ. ಜಗಳ ಯಾವ ಭಾಷೇಲಿದ್ರೂ ತಿಳಿಯತ್ತೆ" ಎಂದರು. ಏನಾಯಿತೆಂದು ಆಮೇಲೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮಾಮಾ ಹೇಳಿದರು. ಕ್ಯಾಮರೂನಿನ ಯಾರ್ಡ್ ಮಾಲೀಕ, ಕೂಟದಲ್ಲಿ ಎರಡನೆಯ ಹಿರಿಯ, ಎದ್ದು ನಿಂತು ಅಂದನಂತೆ: ನಿಮ್ಮನ್ನು ಕಳಿಸಿದ್ದು ಫ್ರೆಂಚ್ ತರಲು, ನೀವು ತಂದದ್ದು ಎರಡು ಸಾಲು ಮಕ್ಕಳ ಜಪಾನಿ. ನಮ್ಮನ್ನು ಮಾರಿಬಿಟ್ಟಿರಿ.

"ನೀವೇನಂದ್ರಿ?"

"ನಾನಂದೆ, ಫ್ರೆಂಚ್ ನಮ್ಮ ಯಾರ ಅಮ್ಮನ ಭಾಷೆ? ನನ್ನಮ್ಮ ಲಿಂಗಾಲಾದಲ್ಲಿ ಜೋಗುಳ ಹಾಡಿದ್ದು. ಫ್ರೆಂಚ್ ನಾವೆಲ್ಲ ಕೂತು ಜಗಳ ಆಡೋಕೆ ಬೇಕು, ಇವತ್ತು ಆಡಿದ ಹಾಗೆ. ಅಲೆಗೆ ಫ್ರೆಂಚ್ ಬರಲ್ಲ. ಮೈಕು ಕೂಗಿದಾಗ ಪಕ್ಕದ ಮನೆ ಮುದುಕಪ್ಪ ಯಾವ ಮಾತಿಗೆ ಓಡ್ತಾನೋ ಅದೇ ಮಾತಿಗೆ ನೀವೂ ಓಡ್ಬೇಕು. ಆಗ ಅವನು ನಿಮ್ಮ ಕೈ ಹಿಡೀತಾನೆ, ಇಲ್ಲ ನೀವು ಅವನ ಕೈ ಹಿಡೀತೀರಿ."

"ಒಪ್ಪಿದ್ರಾ?"

"ಇಲ್ಲ. ಮುಂದಿನ ಸಲ ಬೇರೆಯವರನ್ನ ಕಳಿಸಿ ಅಂದೆ. ಆದ್ರೆ ಭಾನುವಾರ ಎಲ್ಲ ಗುಡ್ಡದ ಮೆಟ್ಟಿಲ ಹತ್ರ ಬನ್ನಿ ಅಂದೆ." ಹೇಳುತ್ತ ಅವರು ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಅವರಿಗೆ ಆ ಕೂಟ ಬಿಟ್ಟು ಬೇರೆ ಬಂಧುಬಳಗವಿಲ್ಲವೆಂದು ನನಗೆ ಗೊತ್ತಿತ್ತು.

ಶಾಲೆಯ ಹಿಂದಿನ ಗುಡ್ಡದ ಮೇಲೆ ಒಂದು ದೇವಸ್ಥಾನ. ಅಲ್ಲಿಗೆ ಕಲ್ಲಿನ ಕಡಿದಾದ ಮೆಟ್ಟಿಲು. ಭಾನುವಾರ ಕೂಟದವರು ಮುಖ ಊದಿಸಿಕೊಂಡಾದರೂ ಬಂದರು. ಮಾಮಾ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು "ನಿಗೇತೆ!" ಎಂದು ಕೂಗುವುದು, ಎಲ್ಲರೂ ಹತ್ತುವುದು. ಮತ್ತೆ ಇಳಿಯುವುದು, ಮತ್ತೆ ಕೂಗು. ನಾನು ಮಗಳೊಂದಿಗೆ ಹೋಗಿದ್ದೆ. ಮಾಮಾ ಕೇಳಿದರು, "ನಿನ್ನತ್ತೆ ಎಲ್ಲಿ?"

"ಅವರಿಗ್ಯಾಕೆ ಮಾಮಾ, ಮಂಡಿನೋವು. ನಮ್ಮ ಕಡೆಯವರಿಗೆಲ್ಲ ಇಂಗ್ಲಿಷ್ ಬರತ್ತೆ, ಫೋನಿಗೆ ಇಂಗ್ಲಿಷಲ್ಲಿ ಎಚ್ಚರಿಕೆ ಬರತ್ತೆ."

"ನಿನ್ನತ್ತೆಗೆ ಇಂಗ್ಲಿಷ್ ಬರತ್ತಾ?"

ಬರುತ್ತಿರಲಿಲ್ಲ. ಇತರೆಯವರ ಪ್ರತಿನಿಧಿಗೆ ತನ್ನ ಮನೆಯೊಳಗಿನ ಇತರರೇ ಕಂಡಿರಲಿಲ್ಲ. ಮುಂದಿನ ಭಾನುವಾರ ಅತ್ತೆ ಸೀರೆಯ ಕೆಳಗೆ ಮೊಮ್ಮಗಳು ಆರಿಸಿದ ಬಿಳಿ ಶೂ ತೊಟ್ಟು ಬಂದರು. ಮಾಮಾ ಮೇಲಿನಿಂದ ಕೂಗಿದರು, "ಸುನಾಮಿ! ನಿಗೇತೆ!"

ಅತ್ತೆ ನಿಂತಲ್ಲೇ ನಿಂತರು. "ಏನೇ ಇದು, ಸುನಾಮಿ ನೀಗಿತೆ ಅಂತಿದಾರೆ. ನೀಗೋದು ಅಂದ್ರೆ ಕಳೆದುಹೋಗೋದಲ್ವೇ? ಸುನಾಮಿ ಹೋಯ್ತಾ ಅಂತ ಕೇಳೋದಾದ್ರೆ, ಇನ್ನು ಓಡೋದ್ಯಾತಕ್ಕೆ? ಕಾಫಿ ಕುಡಿಯೋಣ ನಡಿ."

ನನಗೆ ನಗು ತಡೆಯಲಾಗಲಿಲ್ಲ. ಮಾಮಾಗೆ ಬಿಡಿಸಿ ಹೇಳಿದೆ. ಅವರು ನಗಲಿಲ್ಲ. ಕೆಳಗಿಳಿದು ಬಂದು ಅತ್ತೆಯ ಕೈ ಹಿಡಿದುಕೊಂಡರು. ಒಂದು ಮೆಟ್ಟಿಲು, "ನಿಗೇತೆ". ಇನ್ನೊಂದು ಮೆಟ್ಟಿಲು, "ನಿಗೇತೆ". ಅತ್ತೆ ಮಂಡಿ ಹಿಡಿದುಕೊಂಡು, "ನೀಗಿತೆ, ನೀಗಿತೆ" ಎನ್ನುತ್ತ ಹತ್ತಿದರು. "ಹೀಗೇ ಹೇಳ್ಲಿ ಬಿಡು" ಎಂದರು ಮಾಮಾ ನನಗೆ. "ಪದ ಅವರ ತಲೆಗೆ ಹೋಗೋದು ಬೇಡ. ಕಾಲಿಗೆ ಹೋಗ್ಲಿ." ಆಮೇಲಿಂದ ಪ್ರತಿ ತಿಂಗಳು ಇಬ್ಬರೂ ಕೈಕೈ ಹಿಡಿದು ಹತ್ತುತ್ತಿದ್ದರು. ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು.

ಮಗಳಿಗೆ ಐದು ವರ್ಷವಾಗಿದ್ದಾಗ ಒಂದು ದಿನ ಬೆಳಗ್ಗೆ ನಾನು ಸೆಂಡಾಯ್‌ನ ಆಸ್ಪತ್ರೆಯೊಂದಕ್ಕೆ ದುಭಾಷಿಯಾಗಿ ಹೋಗಿದ್ದೆ. ಗಂಡ ದೂರದ ಹಮಾಮತ್ಸುವಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಮಗಳಿಗೆ ಮೈ ಬೆಚ್ಚಗಿತ್ತೆಂದು ಅಜ್ಜಿಯ ಜೊತೆ ಮನೆಯಲ್ಲೇ ಬಿಟ್ಟಿದ್ದೆ. ಹತ್ತು ಗಂಟೆಯ ಹೊತ್ತಿಗೆ ನೆಲ ಅಲುಗಾಡಿತು. ಅಲುಗಾಟ ನಿಲ್ಲಲೇ ಇಲ್ಲ ಅನ್ನಿಸಿತು. ಆಸ್ಪತ್ರೆಯ ಹಜಾರದಲ್ಲಿದ್ದ ಟಿವಿಯ ಮೇಲೆ ನಕ್ಷೆ ಬಂತು. ನಮ್ಮ ಕರಾವಳಿಯ ಮೇಲೆ ಕೆಂಪು ಗೆರೆ.

ಅತ್ತೆಗೆ ಫೋನ್ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ರೈಲು ನಿಂತಿತ್ತು. ಆ ಹೊತ್ತು ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ ಪದ, ನೀಗಿತೆ. ಅತ್ತೆ ಅದನ್ನು ಹೇಗೆ ಕೇಳಿಸಿಕೊಂಡಿರಬಹುದು? ಕಾಫಿಗೆ ಹಾಲು ಇಟ್ಟು ಕೂತಿರಬಹುದೇ? ನನ್ನ ಮಗು ಹಾಸಿಗೆಯಲ್ಲಿ ಮಲಗಿರಬಹುದೇ? ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೂವರೆ ಗಂಟೆ ಹೇಗೆ ಕಳೆದೆನೋ ನನಗೆ ಗೊತ್ತಿಲ್ಲ.

ಆಮೇಲೆ ಮಾಮಾ ಅವರ ನಂಬರಿನಿಂದ ಫೋನ್ ಬಂತು. ಎತ್ತಿದರೆ ಅತ್ತೆಯ ದನಿ.

"ಎಲ್ಲಿದೀಯೇ? ನಾವು ಮೇಲಿದೀವಿ. ಮಗು ಬಿಸ್ಕತ್ತು ತಿಂತಿದೆ. ನನ್ನ ಫೋನು ಮನೇಲೇ ಬಿಟ್ಬಂದೆ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಆ ಕಂಬ ಕೂಗ್ತು ನೋಡು. ನೀಗಿತೆ ಅಂತು. ನಾನು ಯೋಚ್ನೇನೇ ಮಾಡ್ಲಿಲ್ಲ ಕಣೆ, ಕಾಲು ತಾನೇ ಹೊರಟುಬಿಡ್ತು. ಇವಳು 'ಅಜ್ಜಿ, ಕುತ್ಸು, ಕುತ್ಸು' ಅಂತ ಶೂ ಕೈಯಲ್ಲಿ ಹಿಡ್ಕೊಂಡು ಹಿಂದೇನೇ ಬಂದ್ಲು. ಪಕ್ಕದ ಮನೆ ಅಜ್ಜೀನ ಹಾಗೇ ಎಳ್ಕೊಂಡ್ ಬಂದೆ. ಅವ್ಳಿಗೆ ಕಿವಿ ಮಂದ ಅಲ್ವಾ, ಆದ್ರೂ ಈ ಸಲ ಕೇಳಿಸ್ತಂತೆ."

ಆ ದಿನ ನೀರು ಬಂದದ್ದು ಬಂದರಿನ ಕಟ್ಟೆಯ ಮೇಲೆ ಮೊಣಕಾಲಷ್ಟು. ಒಂದೆರಡು ದೋಣಿ ಮಗುಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಎಷ್ಟು ಬರುತ್ತದೆಂದು ಹತ್ತು ಗಂಟೆಗೆ ಯಾರಿಗೂ ಗೊತ್ತಿರಲಿಲ್ಲ, ಮಾಮಾ ಅವರ ಕೂಟದ ಪ್ರತಿಯೊಬ್ಬರೂ ಗುಡ್ಡದ ಮೇಲಿದ್ದರು. ಮಧ್ಯಾಹ್ನ ನಾನು ಟ್ಯಾಕ್ಸಿ ಹಿಡಿದು ಹೇಗೋ ತಲುಪಿದಾಗ ಕ್ಯಾಮರೂನಿನ ಯಾರ್ಡ್ ಮಾಲೀಕ ತಾನು ಬೆನ್ನ ಮೇಲೆ ಹೊತ್ತು ತಂದ ಒಬ್ಬ ಜಪಾನಿ ಮುದುಕಪ್ಪನ ಪಕ್ಕ ಕೂತಿದ್ದ, ಹಾಗೆ ಹೊತ್ತು ತಂದವರಲ್ಲಿ ಅವರು ಮೂರನೆಯವರಂತೆ. ಮಾಮಾ ದೇವಸ್ಥಾನದ ಕಟ್ಟೆಯ ಮೇಲೆ ನಿಂತು ತಲೆ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಮತ್ತೆ ಮೊದಲಿನಿಂದ ಎಣಿಸಿದರು. ಆಮೇಲೆ ಕೂತು, ತಲೆವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು, "ಎಲ್ಲರೂ ಇದಾರೆ. ಎಲ್ಲರೂ ಇದಾರೆ" ಎಂದು ಅತ್ತರು. ಅತ್ತೆ ಅವರ ಬೆನ್ನು ಸವರುತ್ತ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಯಾರ್ಡ್ ಮಾಲೀಕ ಬಂದು ಅವರ ಮುಂದೆ ಮಂಡಿಯೂರಿ, ಫ್ರೆಂಚ್‌ನಲ್ಲಿ ಅಲ್ಲ, ಎಲ್ಲರಿಗೂ ತಿಳಿಯಲೆಂದು ಜಪಾನಿಯಲ್ಲಿ ಹೇಳಿದ: "ಮಾಮಾ, ಇನ್ನು ಮುಂದೆಯೂ ನೀವೇ ಹೋಗಿ." ಅವರನ್ನು ಬಲ್ಲವಳು ಎಂದು ನನಗೆ ಅವತ್ತಿನಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

ಅವರು ಮತ್ತೂ ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತರು. ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ಡಾಕ್ಟರು ರಿಪೋರ್ಟ್ ಹಿಡಿದು ತುಂಬ ನಯವಾದ, ತುಂಬ ಉದ್ದದ ಮಾತುಗಳಲ್ಲಿ ವಿವರಿಸಿದ ದಿನ ನಾನು ಪಕ್ಕದಲ್ಲಿದ್ದೆ. ನನಗೆ ಅರ್ಥವಾಗಿತ್ತು. ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿರುವಾಗ ಮಾಮಾ ಹಾಸಿಗೆಯಿಂದಲೇ ಕೈಯೆತ್ತಿದರು. "ಸುಮಿಮಾಸೆನ್. ವಕರಿಮಾಸೆನ್." ಡಾಕ್ಟರು ರಿಪೋರ್ಟ್ ಕೆಳಗಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು ಮೂರೇ ಪದದಲ್ಲಿ ಹೇಳಿದರು. ಮಾಮಾ ತಲೆದೂಗಿದರು. "ಅರಿಗಾತೋ. ಈಗ ಆಯ್ತು."

ಅಂತ್ಯಕ್ರಿಯೆಗೆ ಊರಿಗೆ ಊರೇ ಬಂದಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಮೀನು ಕಾರ್ಖಾನೆ ಅರ್ಧ ದಿನ ಬಾಗಿಲು ಹಾಕಿತ್ತು. ಪಕ್ಕದ ಮನೆಯ ಕಿವಿಮಂದದ ಅಜ್ಜಿ ನನ್ನ ಅತ್ತೆಯ ತೋಳು ಹಿಡಿದು ಕೂತಿದ್ದರು. ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ಕಾಚೋ ಮಾತಾಡಲು ಎದ್ದರು. ಅಂಥ ಕಡೆ ಅವರಂಥವರು ಆಡುವ ಶೋಕದ ಭಾಷೆ ನನಗೆ ಗೊತ್ತಿತ್ತು, ಆ ಜನಕ್ಕೇ ಅರ್ಧ ತಿಳಿಯದಂಥದ್ದು. ಕಾಚೋ ಕೈಯಲ್ಲಿದ್ದ ಹಾಳೆಯನ್ನು ತೆರೆಯಲೇ ಇಲ್ಲ. ಕಿಂಡರ್‌ಗಾರ್ಟನ್ ಮಗುವಿಗೂ ತಿಳಿಯುವ ಜಪಾನಿಯಲ್ಲಿ, ಪ್ರತಿ ಮಾತಿನ ನಡುವೆ ಉಸಿರು ಬಿಡುವಷ್ಟು ನಿಲ್ಲಿಸಿ, ಹೇಳಿದರು: "ಈ ಅಮ್ಮ ಹೇಳಿದರು. ನಾನು ಕೇಳಲಿಲ್ಲ. ಮತ್ತೆ ಹೇಳಿದರು. ಮತ್ತೆ ಹೇಳಿದರು. ನಾನು ಕೇಳಿದೆ. ನಮ್ಮ ಊರು ಓಡಿತು. ನಮ್ಮ ಊರು ಬದುಕಿತು. ಅಮ್ಮ, ಅರಿಗಾತೋ." ಗಿನಿಯವರಿಗೂ ಹೈಟಿಯವರಿಗೂ ನನ್ನ ಅತ್ತೆಗೂ ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ.

ಈಗ ಸಭೆಯಲ್ಲಿ ಫ್ರೆಂಚಿನ ಹಲಗೆಯ ಹಿಂದೆ ಯಾರ್ಡ್ ಮಾಲೀಕ ಕೂರುತ್ತಾನೆ. ಇತರೆಯ ಹಲಗೆಗೆ ಇಬ್ಬರಾಗಿದ್ದೇವೆ, ನಾನು ಮತ್ತು ಹೊಸದಾಗಿ ಬಂದ ಒಬ್ಬ ನೇಪಾಳಿ ಹೆಣ್ಣುಮಗಳು. ಕಳೆದ ತಿಂಗಳು ಹೊಸ ಅಧಿಕಾರಿಯೊಬ್ಬರು ಶಾಲೆಯ ಅರ್ಜಿಗಳ ಬಗ್ಗೆ ಒಂದು ಪುಟದಷ್ಟು ಉದ್ದದ ವಾಕ್ಯ ಓದಿ, ಸರಿಯೇ ಎಂಬಂತೆ ನಮ್ಮನ್ನು ನೋಡಿದರು. ನಾನು ಮೊಣಕೈ ನೆಟ್ಟಗೆ ಮಾಡಿ ಕೈಯೆತ್ತಿದೆ.

"ಸುಮಿಮಾಸೆನ್. ವಕರಿಮಾಸೆನ್."

ನಿಜ ಹೇಳಬೇಕೆಂದರೆ ನನಗೆ ಅರ್ಥವಾಗಿತ್ತು. ಪಕ್ಕದಲ್ಲಿ ಕೂತು ಸುಮ್ಮನೆ ತಲೆ ಆಡಿಸುತ್ತಿದ್ದ ಆ ಹುಡುಗಿಗೆ ಆಗಿರಲಿಲ್ಲ.